ಕಂದು ಬಣ್ಣ ಬಳಿಸುವ ಮುನ್ನ

ಹಬ್ಬ, ಮದುವೆ, ಜಾತ್ರೆಗಳು ಸಮೀಪಿಸಿದೊಡನೆ ಮನೆಯ ಗೋಡೆಗಳ ಕಡೆಗೆ ನಮ್ಮ ಗಮನ ಹರಿಯುತ್ತದೆ. ಹಗರಿಬೊಮ್ಮನಹಳ್ಳಿಯ ಸುತ್ತಿನಲ್ಲಿಯೂ ಸುಣ್ಣದ ಬಿಳುಪಿಗೆ ಬೇಸತ್ತು, ಒಳಮನೆಗೆ ಗಾಢ ಕಂದು ಬಣ್ಣ ಬಳಿಸಬಯಸುವವರುಂಟು. ಅವರ ಆಸೆ ತಪ್ಪಲ್ಲ. ಆದರೆ ಆ ಬಣ್ಣಕ್ಕೆ ತಕ್ಕ ಸ್ಥಳ ಯಾವುದೆಂಬುದನ್ನು ಮೊದಲು ಅರಿಯುವುದು ಲೇಸು.

ಈ ಬಣ್ಣ ನಮ್ಮ ಸೀಮೆಗೆ ಹೊಸದಲ್ಲ. ಹಳೆಯ ಮಾಳಿಗೆ ಮನೆಗಳ ಕಂಬ, ತೊಲೆ, ಜಂತೆಗಳು ಎಣ್ಣೆ ಸವರಿಸಿಕೊಂಡು, ಒಲೆಯ ಹೊಗೆ ಕುಡಿದು, ಕಾಲಕ್ರಮದಲ್ಲಿ ಕಪ್ಪುಗಂದಾಗುತ್ತಿದ್ದವು. ನೆರೆಯ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳೆರಡೂ ಇವೆ. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಪು. ಅದರೊಡನೆ ಮ್ಯಾಂಗನೀಸ್ ಬೆರೆತರೆ ಕಂದು. ಚಿತ್ರಕಾರರು ಅಂಬರ್ ಎಂದು ಕರೆಯುವ ಬಣ್ಣದ ಮಣ್ಣಿನ ಗುಟ್ಟೂ ಇದೇ.

ಹಿರಿಯರು ಗಾಢ ಬಣ್ಣವನ್ನು ಮರಕ್ಕೂ ಗೋಡೆಯ ಬುಡಕ್ಕೂ ಬಿಟ್ಟು, ಉಳಿದ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕಿಟಕಿಗಳು ಕಡಿಮೆಯಿದ್ದ ಆ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿದ ಬೆಳಕನ್ನು ಮೂಲೆಮೂಲೆಗೆ ಹಂಚುತ್ತಿದ್ದುದು ಆ ಬಿಳಿಯ ಗೋಡೆಯೇ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತಕ್ಕೆ ಸುಮಾರು ಎಂಟು ಪಾಲನ್ನು ಮರಳಿಸಿದರೆ, ಗಾಢ ಕಂದು ಒಂದು ಪಾಲನ್ನು ಮಾತ್ರ ಮರಳಿಸೀತು.

ನಾವು ಕಂಡ ಮನೆಯೊಂದರಲ್ಲಿ ಪಡಸಾಲೆಯ ನಾಲ್ಕೂ ಗೋಡೆಗಳಿಗೆ ಈ ಬಣ್ಣ ಬಳಿಸಿದ್ದರು. ಬಂದ ಬೀಗರು ಮೆಚ್ಚಿದರು. ಆದರೆ ಕಣ್ಣು ಮಂಜಾದ ಆ ಮನೆಯ ಅಜ್ಜಿ ಹಗಲಿನಲ್ಲಿಯೂ ಗೋಡೆ ಹಿಡಿದು ನಡೆಯುವಂತಾಯಿತು. ಹೊಸಿಲು ಎಲ್ಲಿದೆಯೆಂದು ಕಾಲಿನಿಂದ ತಡಕುತ್ತಿದ್ದ ಅವರನ್ನು ಕಂಡ ಮೇಲೆ ಸೊಸೆಯೇ ಮೂರು ಗೋಡೆಗಳಿಗೆ ಕೆನೆಬಣ್ಣ ಬಳಿಸಿದಳು.

ಆದುದರಿಂದ ಬಾಗಿಲು, ಚೌಕಟ್ಟು, ಗೋಡೆಯ ಕೆಳಗಿನ ಮೂರು ಅಡಿ ಇವುಗಳಿಗೆ ಕಂದು ಬಣ್ಣ ಒಪ್ಪುತ್ತದೆ. ಮಕ್ಕಳ ಕೈಗುರುತೂ ಎದ್ದು ಕಾಣದು. ಮೇಲ್ಭಾಗಕ್ಕೆ ಕೆನೆಬಣ್ಣ, ಛಾವಣಿಗೆ ಬಿಳಿ ಇರಲಿ. ಎರಡು ಕಿಟಕಿಗಳುಳ್ಳ ಕೋಣೆಯಲ್ಲಿ ಒಂದು ಗೋಡೆಗೆ ಪೂರ್ತಿ ಬಳಿಸಬಹುದು. ಮೊದಲು ಎರಡು ಅಡಿ ಚೌಕದಷ್ಟು ಬಳಿದು, ಬೆಳಿಗ್ಗೆಯೂ ನಡುಹಗಲೂ ದೀಪದ ಬೆಳಕಿನಲ್ಲಿಯೂ ನೋಡಿ ನಿರ್ಧರಿಸಿರಿ. ಮಣ್ಣಿನ ಗೋಡೆಗೆ ಎಣ್ಣೆಬಣ್ಣ ಸಲ್ಲದು. ಒಳಗಿನ ತೇವ ಹೊರಬರಲಾರದೆ ಬಣ್ಣ ಉಬ್ಬಿ ಹಕ್ಕಳೆಯೇಳುತ್ತದೆ.

ಇನ್ನೊಂದು ಮಾತು ಬಣ್ಣಕ್ಕಿಂತಲೂ ಮುಖ್ಯವಾದುದು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿರುವ ಸಂಭವವುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಅದು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕೆ ಮೊದಲು ಬಳಿದ ಬಾಗಿಲುಗಳನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಬುದ್ಧಿಯ ಬೆಳವಣಿಗೆಗೂ ಗರ್ಭಿಣಿಯರಿಗೂ ಕೇಡು. ನೀರು ಹಚ್ಚಿ ಉಜ್ಜಿಸಬೇಕು, ಒದ್ದೆ ಬಟ್ಟೆಯಿಂದ ಒರೆಸಿಸಬೇಕು. ಕೆಲಸ ಮುಗಿಯುವವರೆಗೆ ಅವರನ್ನು ದೂರವಿರಿಸಬೇಕು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣವನ್ನು ಓದಿ ಕೊಳ್ಳಬೇಕು.

ಮನೆಯ ಅಂದ ಬಂದವರ ಮೆಚ್ಚುಗೆಗಾಗಿ ಮಾತ್ರವಲ್ಲ. ಅಲ್ಲಿ ಅಜ್ಜಿ ನಿರ್ಭಯವಾಗಿ ನಡೆಯುವಂತಿರಬೇಕು, ಕೂಸು ನೆಮ್ಮದಿಯಿಂದ ಅಂಬೆಗಾಲಿಡುವಂತಿರಬೇಕು. ಅಷ್ಟನ್ನು ನೆನಪಿಟ್ಟು ಬಳಿಸಿದರೆ ಕಂದು ಬಣ್ಣವೂ ಮನೆಗೆ ಕಳೆಯನ್ನೇ ತರುತ್ತದೆ.