ಮಕ್ಕಳಲ್ಲಿ ಹುಟ್ಟಿನಿಂದ ಬರುವ ರೋಗನಿರೋಧಕ ಶಕ್ತಿಯ ಕೊರತೆ: ಸದಸ್ಯರು ಅರಿತಿರಬೇಕಾದ ಸಂಗತಿಗಳು

ಒಂದೇ ಕುಟುಂಬದಲ್ಲಿ ಎರಡು ಶಿಶುಗಳು ವರ್ಷ ತುಂಬುವ ಮೊದಲೇ ಸೋಂಕಿನಿಂದ ಮೃತಪಟ್ಟಿದ್ದರೆ ಅದನ್ನು ಹಣೆಬರಹವೆಂದು ಬಿಡತಕ್ಕದ್ದಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿರುವ ಆನುವಂಶಿಕ ಕಾಯಿಲೆ ಕಾರಣವಾಗಿರಬಹುದು. ಇದು ಎಚ್.ಐ.ವಿ. ಅಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ರಕ್ತಸಂಬಂಧದ ವಿವಾಹಗಳಲ್ಲಿ ಇದರ ಸಂಭವ ಹೆಚ್ಚು.

ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾ, ಪದೇ ಪದೇ ಕಿವಿ ಸೋರುವುದು, ಮರುಕಳಿಸುವ ಕೀವುಗಡ್ಡೆ, ನಿಲ್ಲದ ಭೇದಿ, ತೂಕ ಏರದಿರುವುದು ಇದರ ಲಕ್ಷಣಗಳು. ಇಂತಹ ಮಗುವನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಗೆ ತೋರಿಸಬೇಕು. ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ಲಿಂಫೋಸೈಟ್ ಕಣಗಳು ತೀರ ಕಡಿಮೆಯಿರುವುದೇ ಮೊದಲ ಸುಳಿವಾಗಬಹುದು. ಮುಂದಿನ ಪರೀಕ್ಷೆಗಳಿಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಕಳುಹಿಸಬಹುದು.

ಕೆಲವು ಮಕ್ಕಳಿಗೆ 3–4 ವಾರಗಳಿಗೊಮ್ಮೆ ಇಮ್ಯುನೊಗ್ಲೋಬ್ಯುಲಿನ್ ನೀಡಿದರೆ ಸಾಕು. ತೀವ್ರ ಸ್ವರೂಪದ ಕೊರತೆಗೆ ಅಸ್ಥಿಮಜ್ಜೆ ಕಸಿ ಅಗತ್ಯ. ಸೋಂಕು ತಗಲುವ ಮುನ್ನ, ಮೊದಲ ಕೆಲವು ತಿಂಗಳಲ್ಲೇ ಮಾಡಿದಲ್ಲಿ ಫಲ ಉತ್ತಮ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಡಿ ಅರ್ಹರಿಗೆ ರೂ. 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ.

ಬಿ.ಸಿ.ಜಿ. ಜೀವಂತ ಲಸಿಕೆ, ಅದನ್ನು ಹುಟ್ಟಿದೊಡನೆ ಹಾಕಲಾಗುತ್ತದೆ. ತೀವ್ರ ಕೊರತೆಯುಳ್ಳ ಶಿಶುವಿಗೆ ಅದರಿಂದಲೇ ಅಪಾಯ. ಆದುದರಿಂದ ಹಿಂದಿನ ಶಿಶುಮರಣದ ವಿವರ ಹೆರಿಗೆಗೆ ಮುನ್ನವೇ ವೈದ್ಯರಿಗೆ ತಲುಪಬೇಕು. ಸದಸ್ಯರು ತಮ್ಮ ವಾರ್ಡಿನ ಇಂತಹ ಗರ್ಭಿಣಿಯರ ಬಗ್ಗೆ ಆಶಾ ಕಾರ್ಯಕರ್ತೆಗೆ ಗೋಪ್ಯವಾಗಿ ತಿಳಿಸಿ, ತಾಯಿ ಕಾರ್ಡಿನಲ್ಲಿ ವಿವರ ನಮೂದಾಗುವಂತೆ ನೋಡಿಕೊಳ್ಳತಕ್ಕದ್ದು. ಉಳಿದೆಲ್ಲ ಮಕ್ಕಳಿಗೆ ಲಸಿಕೆ ತಪ್ಪಬಾರದು.