ಹೆರವಾಡದ ಠರಾವು ಅಡುಗೆಮನೆ ಮುಟ್ಟಲಿ

2022ರ ಮೇ 4ರಂದು ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೆರವಾಡದಲ್ಲಿ ಗ್ರಾಮಸಭೆ ಒಂದು ಠರಾವು ಪಾಸು ಮಾಡಿತು. ಗಂಡ ತೀರಿಕೊಂಡ ಹೆಣ್ಣುಮಗಳ ಬಳೆ ಒಡೆಯಬಾರದು, ಕುಂಕುಮ ಅಳಿಸಬಾರದು, ತಾಳಿ ಹರಿಯಬಾರದು, ಕಾಲುಂಗುರ ತೆಗೆಸಬಾರದು.  

ಸೊಲ್ಲಾಪುರ ಜಿಲ್ಲೆಯ ಸಮಾಜಸೇವಕ ಪ್ರಮೋದ ಝಿಂಜಾಡೆ ತಮ್ಮ ಸಹೋದ್ಯೋಗಿ ಸತ್ತಾಗ ಆತನ ಹೆಂಡತಿಗೆ ಆದದ್ದನ್ನು ಕಣ್ಣಾರೆ ಕಂಡು ಈ ವಿಚಾರ ಎತ್ತಿದ್ದರು. ಠರಾವು ಪಾಸಾದದ್ದು ಕೊಲ್ಹಾಪುರ ಸಂಸ್ಥಾನದ ಶಾಹೂ ಮಹಾರಾಜರು ಕಾಲವಾಗಿ ನೂರು ವರ್ಷ ತುಂಬಿದ ವಾರ. 1917ರಲ್ಲೇ ವಿಧವಾ ವಿವಾಹಕ್ಕೆ ಕಾನೂನಿನ ಬಲ ಕೊಟ್ಟ ಸಂಸ್ಥಾನ ಅವರದು. ಮೇ 17ರಂದು ಮಹಾರಾಷ್ಟ್ರ ಸರ್ಕಾರ ಹೆರವಾಡದ ದಾರಿ ಹಿಡಿಯುವಂತೆ ಉಳಿದ ಗ್ರಾಮ ಪಂಚಾಯತಿಗಳಿಗೂ ಸುತ್ತೋಲೆ ಕಳಿಸಿತು.

ಆದರೆ ಈ ಕಟ್ಟಳೆಯನ್ನು ಕಾಯುತ್ತಾ ಬಂದದ್ದು ಚಾವಡಿಯಲ್ಲ, ಮನೆಯ ಒಳಕೋಣೆ. ಎಷ್ಟೋ ಮನೆತನಗಳಲ್ಲಿ ಗಂಡ ಸತ್ತವಳಿಗೆ ಕೊನೆಯ ಸಲ ಕೈತುಂಬ ಹಸಿರು ಬಳೆ ತೊಡಿಸಿ, ಹಣೆತುಂಬ ಕುಂಕುಮವಿಟ್ಟು, ಹೂ ಮುಡಿಸುತ್ತಾರೆ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ತೆಗೆಯುತ್ತಾರೆ. ತೆಗೆಯುವ ಕೈಗಳೂ ಹೆಂಗಸರವೇ, ಬಹಳ ಸಲ ಹಿಂದೆ ಅದನ್ನೇ ಅನುಭವಿಸಿದವರವು. ಅವರನ್ನು ಕ್ರೂರಿಗಳೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರು ಕಲಿತದ್ದೇ ಅದು: ಸೆರಗು ತಲೆ ಮೇಲಿರಲಿ, ದನಿ ಕೆಳಗಿರಲಿ, ಎಲ್ಲರದೂ ಆದ ಮೇಲೆ ಉಣ್ಣು. ಇದಕ್ಕೆಲ್ಲ ಪ್ರತಿಫಲವಾಗಿ ಸಿಕ್ಕಿದ್ದು ಮುತ್ತೈದೆಯೆಂಬ ಮರ್ಯಾದೆ. ಆ ಮರ್ಯಾದೆಯೋ ಗಂಡನ ಉಸಿರಿಗೆ ಕಟ್ಟಿದ್ದು. ಅದನ್ನು ಕಳಕೊಂಡವಳ ಗತಿ ಕಣ್ಣೆದುರಿಗೇ ಇರುವಾಗ ಉಳಿದವರು ತಮ್ಮಷ್ಟಕ್ಕೆ ತಾವೇ ಶಿಸ್ತಿನಲ್ಲಿರುತ್ತಾರೆ.

ಸೀಮಂತದ ಮನೆಯಲ್ಲಿ ವಿಧವೆಗೆ ಬರಬೇಡವೆಂದು ಯಾರೂ ಹೇಳುವುದಿಲ್ಲ. ಹೋಳಿಗೆ ಲಟ್ಟಿಸಲು ಆಕೆ ಬೇಕು. ಉಡಿ ತುಂಬುವ ಹೊತ್ತಿಗೆ ತಾನಾಗಿಯೇ ಒಲೆಯ ಕಡೆ ಸರಿಯುತ್ತಾಳೆ. ಯಾವ ಠರಾವೂ ಮುಟ್ಟದ ಜಾಗ ಇದು.

ಮುಟ್ಟಲು ಬರುವುದಿಲ್ಲವೆಂದಲ್ಲ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ದೇವರ ಮುಂದೆ ಆರತಿ ಹಿಡಿಯಬಹುದಾದ ಕೈ ಸೊಸೆಯ ಉಡಿ ತುಂಬಬಾರದೇಕೆ?

ಬರುವ ಸಂಕ್ರಾಂತಿಗೆ ಅರಿಶಿನ-ಕುಂಕುಮಕ್ಕೆ ಕರೆಯಲು ಹೊರಟಾಗ ಓಣಿಯ ಆ ಮನೆಯನ್ನು ದಾಟಿ ಹೋಗಬೇಡಿ. ಒಳಗೆ ಹೋಗಿ, ಹೆಸರು ಹಿಡಿದು ಕರೆಯಿರಿ, ಮೊದಲ ಕುಂಕುಮ ಆಕೆಗೇ ಕೊಡಿ.