ಬಾಲ್ಯದ ವಿಡಿಯೋ ಆಟಗಳೂ ಹಂಬಲವೆಂಬ ‘ರೋಗ’ವೂ

ಗತಕಾಲದ ಹಂಬಲವನ್ನು ವೈದ್ಯರು ಒಂದು ಕಾಲಕ್ಕೆ ರೋಗವೆಂದೇ ಎಣಿಸಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು, ಮನೆಗೆ ಮರಳುವುದು ಹಾಗೂ ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಅದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟನು. ಪರಸ್ಥಳದಲ್ಲಿ ದುಡಿಯುವವರು ಊರನ್ನು ನೆನೆದು ನಿದ್ರಾಹಾರ ಬಿಟ್ಟು ಸೊರಗುವುದೇ ಆ ರೋಗದ ಲಕ್ಷಣ. ಸ್ವಿಸ್ ಕೂಲಿಸೈನಿಕರ ಮುಂದೆ ತಮ್ಮ ನಾಡಿನ ದನಗಾಹಿಗಳ ರಾಗವನ್ನು ನುಡಿಸುವುದು ನಿಷಿದ್ಧವಾಗಿತ್ತೆಂದು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿರುವನು. ಮುಂಬಯಿಯಲ್ಲಿ ಚೆಂಡೆಯ ಸದ್ದಿಗೆ ಯಾರೂ ಅಂಥ ನಿಷೇಧ ಹೇರಲಿಲ್ಲವೆಂಬುದು ಕನ್ನಡಿಗರ ಭಾಗ್ಯ.

ಊರು ಬಿಟ್ಟು ಬಂದ ಹಿರಿಯರ ಹಂಬಲ ಗದ್ದೆ, ತೋಟ, ಜಾತ್ರೆಗಳದು. ಆದರೆ ಸಾಂತಾಕ್ರೂಜ್‌ನಲ್ಲೇ ಹುಟ್ಟಿ ಬೆಳೆದು ಈಗ ನಲವತ್ತರ ಆಚೀಚೆ ಇರುವವರ ಹಂಬಲಕ್ಕೆ ಬೇರೊಂದು ನೆಲೆಯಿದೆ. ವಾಕೋಲಾ, ಕಲೀನಾಗಳ ಒಂದು ಕೋಣೆಯ ಮನೆ, ಬೇಸಿಗೆ ರಜೆ, ಟಿ.ವಿ.ಗೆ ತಗಲಿಸಿದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ! ಜಪಾನಿನ ನಿಂಟೆಂಡೋ ಸಂಸ್ಥೆ 1983ರಲ್ಲಿ ಹೊರತಂದ ಆಟದ ಯಂತ್ರದ ಅಗ್ಗದ ನಕಲುಗಳು 1990ರ ದಶಕದಲ್ಲಿ ಭಾರತದ ಪೇಟೆಗಳನ್ನು ತುಂಬಿದವು. ಲ್ಯಾಮಿಂಗ್ಟನ್ ರಸ್ತೆಯಿಂದಲೋ ಹೀರಾಪನ್ನಾದಿಂದಲೋ ತಂದ ಯಂತ್ರ, ದಿನದ ಬಾಡಿಗೆಗೆ ತಂದ ‘ಕ್ಯಾಸೆಟ್’; ಮಾರಿಯೋ, ಕಾಂಟ್ರಾ. ಆಟ ನಿಂತರೆ ಕ್ಯಾಸೆಟ್ಟನ್ನು ತೆಗೆದು ಊದುವುದು ಎಲ್ಲ ಮಕ್ಕಳೂ ಬಲ್ಲ ಚಿಕಿತ್ಸೆಯಾಗಿತ್ತು. ವಾಸ್ತವದಲ್ಲಿ ಉಸಿರಿನ ತೇವದಿಂದ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವೆ; ಗುಣ ಕಾಣುತ್ತಿದ್ದುದು ತೆಗೆದು ಮರಳಿ ಸರಿಯಾಗಿ ಕೂರಿಸಿದ್ದರಿಂದ.

ಆ ಯಂತ್ರಗಳು ಅಟ್ಟ ಸೇರಿ ಕೆಟ್ಟುಹೋದರೂ ಆಟಗಳು ಅಳಿಯಲಿಲ್ಲ. ‘ಎಮ್ಯುಲೇಟರ್’ ಎಂಬ ತಂತ್ರಾಂಶವು ಇಂದಿನ ಗಣಕಯಂತ್ರವನ್ನೋ ಮೊಬೈಲನ್ನೋ ಹಳೆಯ ಯಂತ್ರದಂತೆ ವರ್ತಿಸುವ ಹಾಗೆ ಮಾಡುತ್ತದೆ. ಹಳೆಯ ಯಂತ್ರದ ಮೆದುಳು ಸೆಕೆಂಡಿಗೆ ಸುಮಾರು 17.9 ಲಕ್ಷ ಬಾರಿ ಮಿಡಿಯುತ್ತಿತ್ತು; ಅದರ ಕೆಲಸದ ಸ್ಮೃತಿ ಕೇವಲ 2 ಕಿಲೋಬೈಟ್. 1985ರ ಸೂಪರ್ ಮಾರಿಯೋ ಆಟವಿಡೀ 40 ಕಿಲೋಬೈಟುಗಳಲ್ಲಿ ಅಡಗಿತ್ತು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರ ಅದಕ್ಕಿಂತ ಹಲವು ಪಟ್ಟು ದೊಡ್ಡದು. ಆ ಯಂತ್ರದ ಪ್ರತಿಯೊಂದು ಆಜ್ಞೆಯನ್ನೂ ಎಮ್ಯುಲೇಟರ್ ಓದಿ, ಅದು ಮಾಡುತ್ತಿದ್ದುದನ್ನೇ ಚಾಚೂ ತಪ್ಪದೆ ಮಾಡಲೆಳಸುತ್ತದೆ. (ಆಟಗಳ ಹಕ್ಕು ಇನ್ನೂ ತಯಾರಕರದೇ ಆದುದರಿಂದ ಎಲ್ಲೆಂದರಲ್ಲಿ ಸಿಕ್ಕುವ ಪ್ರತಿಗಳು ನ್ಯಾಯಸಮ್ಮತವಲ್ಲ.)

ಇಷ್ಟಾದರೂ ‘ಅಂದಿನಂತಿಲ್ಲ’ ಎನ್ನುವವರುಂಟು. ಅದಕ್ಕೆ ಕಾರಣವೂ ಉಂಟು. ಜಪಾನಿನ ಟಿ.ವಿ. ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿದ್ದರೆ ಭಾರತದ ಟಿ.ವಿ. ಬರೆಯುತ್ತಿದ್ದುದು 50 ಬಾರಿ. ಐವತ್ತಕ್ಕೆ ಹೊಂದಿಸಿದ ಯಂತ್ರದಲ್ಲಿ ಆಟ ತುಸು ನಿಧಾನ. ಅಂಥದರಲ್ಲಿ ಆಡಿ ಬೆಳೆದವನಿಗೆ ಎಮ್ಯುಲೇಟರಿನ ಮಾರಿಯೋ ಅವಸರದಿಂದ ಓಡುವಂತೆ ತೋರಿದರೆ ಅದನ್ನು ಪೂರ್ತಿಯಾಗಿ ವಯಸ್ಸಿನ ದೋಷವೆನ್ನಲಾಗದು. ಇನ್ನು, ಗುಂಡಿ ಒತ್ತಿದ ಮೇಲೆ ಚಿತ್ರ ಚಲಿಸಲು ಇಂದಿನ ಕೆಲವು ಚಪ್ಪಟೆ ಟಿ.ವಿ.ಗಳು ಕ್ಷಣಾಂಶ ತಡಮಾಡುತ್ತವೆ. ಹಳ್ಳ ದಾಟಬೇಕಾದವನು ಹಳ್ಳಕ್ಕೇ ಬೀಳುತ್ತಾನೆ.

ಯಾವ ತಂತ್ರಾಂಶವೂ ಅನುಕರಿಸಲಾರದ್ದು ಆ ಕೋಣೆಯನ್ನು. ಎರಡೇ ಹಿಡಿಕೆ, ಐದಾರು ಮಕ್ಕಳು. ಸೋತವನು ಹಿಡಿಕೆ ಬಿಟ್ಟುಕೊಡಬೇಕು. ಮೇಲೆ ವಿಮಾನದ ಸದ್ದು, ಒಳಗಿನಿಂದ ‘ಸಾಕು, ಉಣ್ಣಲು ಬನ್ನಿ’ ಎಂಬ ತಾಯಿಯ ಕರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸೆಡಿಕಿಡೀಸ್, ವಿಲ್ಡ್‌ಶುಟ್ ಮುಂತಾದವರು 2006ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಗಮನಾರ್ಹ. ಹಂಬಲದ ನೆನಪುಗಳಲ್ಲಿ ವಸ್ತುಗಳಿಗಿಂತ ಆಪ್ತಜನರೇ ಪ್ರಧಾನ; ಒಂಟಿತನವು ಹಂಬಲವನ್ನು ಕೆರಳಿಸುತ್ತದೆ; ಹಾಗೆ ನೆನೆದಾಗ ತನ್ನವರಿದ್ದಾರೆಂಬ ಭಾವ ಬಲಗೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಹೋಫರನ ರೋಗವು ಹೀಗೆ ಮೂರು ಶತಮಾನಗಳ ನಂತರ ಒಂದು ಬಗೆಯ ಔಷಧವಾಯಿತು.

ಔಷಧಕ್ಕೆ ಪ್ರಮಾಣವುಂಟಲ್ಲವೆ? ಚರ್ಚ್‌ಗೇಟಿನಿಂದ ಲೋಕಲ್ ರೈಲಿನಲ್ಲಿ ನಿಂತು ಬಂದು, ಮನೆಮಂದಿ ಮಲಗಿದ ಮೇಲೆ ಒಬ್ಬನೇ ಎರಡು ಗಂಟೆಯವರೆಗೆ ಆಡುವವನಿಗೆ ಲಭಿಸುವುದು ನಿದ್ರಾಭಂಗವೇ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ. ಮೊಬೈಲಿನ ಕಿರುತೆರೆಗಿಂತ ದೂರದ ದೊಡ್ಡ ತೆರೆ ಅವರ ಕಣ್ಣಿಗೆ ಹಿತ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಕಂಡರೆ ಕೆಲವು ದಿನ ಆಟ ನಿಲ್ಲಿಸಬೇಕು. ಅಲ್ಲಿನ ಸ್ನಾಯುರಜ್ಜುಗಳ ಕವಚ ಬಾತಿರಬಹುದು. ಮಿನುಗುವ ಚಿತ್ರಗಳಿಂದ ಅಪಸ್ಮಾರ ಕೆರಳುವವರೂ ಇದ್ದಾರೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಒಂದು ವ್ಯಂಗ್ಯಚಿತ್ರ ಕಾರ್ಯಕ್ರಮ ನೋಡುತ್ತಿದ್ದ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಆಟದಿಂದಾಗಿ ಉದ್ಯೋಗ, ಸಂಸಾರ ಕೆಡುತ್ತಿದ್ದರೂ ಬಿಡಲಾಗದಿದ್ದರೆ, ಅದನ್ನು 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ‘ಆಟದ ವ್ಯಾಧಿ’ ಎಂದು ಗುರುತಿಸಿದೆ. ಸಾಮಾನ್ಯವಾಗಿ ಹನ್ನೆರಡು ತಿಂಗಳ ಲಕ್ಷಣ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಎಮ್ಯುಲೇಟರಿಗೂ ಎರಡು ಹಿಡಿಕೆ ಜೋಡಿಸಬಹುದೆಂಬುದನ್ನು ಹಲವರು ಮರೆಯುತ್ತಾರೆ. ಎರಡನೆಯದನ್ನು ಮಗಳ ಕೈಗೆ ಕೊಡಬಹುದು. ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೇ ಓಡಬಹುದು. ಮಾರಿಯೋದಲ್ಲಿ ಒಬ್ಬನ ಪ್ರಾಣ ಹೋದ ಬಳಿಕವೇ ಇನ್ನೊಬ್ಬನ ಸರದಿ. ಕೆಲವು ಎಮ್ಯುಲೇಟರ್‌ಗಳಲ್ಲಿ ಅಂತರ್ಜಾಲದ ಮೂಲಕ ದೂರದವರೊಡನೆಯೂ ಆಡಲು ಸಾಧ್ಯ. ಸಾಂತಾಕ್ರೂಜ್‌ನಲ್ಲಿ ಅಣ್ಣ, ಮಂಗಳೂರಿನಲ್ಲಿ ತಮ್ಮ. ಸಂಪರ್ಕ ನಿಧಾನವಾದರೆ ಗುಂಡು ತಡವಾಗಿ ಹಾರುತ್ತದೆ, ತಪ್ಪು ಯಾರದೆಂದು ಫೋನಿನಲ್ಲಿ ಜಗಳ ನಡೆಯುತ್ತದೆ.